ಎಷ್ಟು ನದಿ ದೂರ

ಸಿದ್ದಾಪುರ ಬಸ್ ಸ್ಟ್ಯಾಂಡಿನ ಹಿಂದೆ ಮೂರನೇ ಮಳಿಗೆ.
ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ,
ಬೋರ್ಡಿನ ಕೊನೆಗೆ, ಜಾಗ ಸಾಲದೆ ಸಣ್ಣಗೆ:
ವಿಮಾನ ಟಿಕೆಟ್.
ವಿಮಾನವೇ ಇಳಿಯದ ಜಿಲ್ಲೆಯಲ್ಲಿ
ಹನ್ನೊಂದು ವರ್ಷದಿಂದ ಆಕಾಶ ಮಾರುತ್ತಿದ್ದೇನೆ.
ನಾನು ಹತ್ತಿದ ಎತ್ತರವೆಂದರೆ
ಮೆಣಸು ಕೊಯ್ಯುವ ಏಣಿ.

ಹಾಸಿನುರ್ ಬಂದದ್ದು ಭಾನುವಾರ, ಸಂತೆ ಮುಗಿಸಿ.
ಕೈಚೀಲದಲ್ಲಿ ಬದನೆ, ಒಣಮೀನು,
ಅಂಗೈಯಗಲದ ಒಂದು ಉಣ್ಣೆ ಟೊಪ್ಪಿ.
ಹೆಂಡತಿಗೆ ಎಂಟು ತುಂಬಿತು ದೀದಿ,
ಅವಳಮ್ಮ ಬರಬೇಕು.
ಲೈನ್‌ಮನೆಯಲ್ಲಿ ಅವಳು ಕೂಗಿದರೆ
ಕೂಗಿದ್ದೇನೆಂದು ತಿಳಿಯುವವರೊಬ್ಬರು.
ಗುವಾಹಟಿಯಿಂದ ಇಲ್ಲಿಗೆ ಎಷ್ಟು ದೂರ?

ಪರದೆಯನ್ನು ಕೇಳಿದೆ.
ಗುವಾಹಟಿ, ಬೆಂಗಳೂರು: ಎರಡು ಸಾವಿರದ ಚಿಲ್ಲರೆ ಕಿಲೋಮೀಟರು, ಮೂರು ಗಂಟೆ.
ಬೆಂಗಳೂರು, ಕಣ್ಣೂರು: ಮುನ್ನೂರರ ಒಳಗೆ, ಒಂದು ಗಂಟೆ.
ನಡುವೆ ಸುಮ್ಮನೆ ಕೂರುವುದು ಐದು.
ದಾರ ಹಿಡಿದು ಎಳೆದಂತೆ ನೇರ.

ಆ ದಾರದ ಎರಡೂ ತುದಿ
ಗಾಳಿಯಲ್ಲಿ ತೂಗುತ್ತವೆ.
ಆ ತುದಿಗೆ, ನದಿ ನಡುವಿನ ಮರಳ ದಿಬ್ಬದ ಊರು;
ದೋಣಿ, ಟೆಂಪೋ, ರಾತ್ರಿ ಬಸ್ಸು.
ಈ ತುದಿಗೆ ಮಟ್ಟನ್ನೂರು, ಇರಿಟ್ಟಿ, ಮಾಕುಟ್ಟದ ಘಾಟಿ,
ವಿರಾಜಪೇಟೆ, ಅಮ್ಮತ್ತಿ.
ಮೂರು ಗಂಟೆ, ಆನೆ ದಾರಿ ಬಿಟ್ಟರೆ.
ಬಿಡದಿದ್ದರೆ ಅದರ ಮರ್ಜಿ.

ಊರ ನದಿಯ ಹೆಸರು ಬೇಕಿ ಎಂದ.
‘ಬೇಕು’ ಎಂದು ಬರೆದುಕೊಂಡೆ.
ಆಮೇಲೆ ನೋಡಿದೆ. ತಿದ್ದಲಿಲ್ಲ.

ಫೋನಿನಲ್ಲಿ ಮುದುಕಿ, ಜಯ್‌ಗುನ್,
ಗಾಳಿಗೆ ಹರಿದ ದನಿ. ಅಳಿಯ ಅದನ್ನು
ಅರ್ಧ ಹಿಂದಿ, ಅರ್ಧ ಎಸ್ಟೇಟಿನ ಕನ್ನಡದಲ್ಲಿ ದಾಟಿಸಿದ:
ಕಿಲೋಮೀಟರು ಇಟ್ಟುಕೋ. ದಾರಿಯಲ್ಲಿ ನದಿ ಎಷ್ಟು?
ನಮ್ಮಲ್ಲಿ ಒಂದು ನದಿ ಆಚೆ ಕೊಟ್ಟ ಮಗಳು
ಹಬ್ಬಕ್ಕೆ ಬರುತ್ತಾಳೆ.
ಎರಡು ನದಿ ಆಚೆ ಕೊಟ್ಟವಳು
ಸಾವಿಗೆ.

ಲ್ಯಾಮಿನೇಷನ್ನಿಗೆ ಬಂದ ಶಾಲೆಯ ಭೂಪಟವೊಂದಿತ್ತು.
ಮೇಜಿನ ಮೇಲೆ ಹಾಸಿ ಸ್ಕೇಲು ಇಟ್ಟೆ.
ಬ್ರಹ್ಮಪುತ್ರ, ಅದು ಬಸ್ಸಿನಲ್ಲೇ ಮುಗಿಯುತ್ತದೆ.
ಗಂಗೆ. ಮಹಾನದಿ. ಗೋದಾವರಿ. ಕೃಷ್ಣೆ.
ಪೆನ್ನಾರ್ ಸಿಗುತ್ತದೋ ಇಲ್ಲವೋ,
ಸ್ಕೇಲು ಸ್ವಲ್ಪ ಜರುಗಿಸಿದೆ, ಸಿಕ್ಕಿತು.
ಆರು, ಎಂದೆ.

ಆ ಕಡೆ ಬರೀ ಗಾಳಿ.
ಆರಕ್ಕೆ ಅವರೂರಲ್ಲಿ ಮಾತಿರಲಿಲ್ಲವೇನೋ.
ಆಮೇಲೆ ಕೆಮ್ಮಿ ಹೇಳಿದಳು:
ಕಿಟಕಿ ಸೀಟು ಹಾಕು.

ಅವಳು ಬಂದ ವಾರ ಹೂಮಳೆ ಬಿದ್ದಿತ್ತು.
ತೋಟವೆಲ್ಲ ಬಿಳಿ, ರಸ್ತೆಯವರೆಗೂ ಅದೇ ವಾಸನೆ;
ಮೂರು ದಿನ, ಮತ್ತೆ ಕಂದು.
ಭಾನುವಾರ ಅಳಿಯನ ಹಿಂದೆ ಅಂಗಡಿಗೇ ಬಂದಳು.
ನಾನೆಣಿಸಿದ್ದಕ್ಕಿಂತ ಗಿಡ್ಡ.
ಸೆರಗಿನ ಗಂಟು ಬಿಚ್ಚಿ ಎಳ್ಳುಂಡೆ ಇಟ್ಟಳು,
ನನ್ನ ಮುಖದ ಹತ್ತಿರಕ್ಕೆ ಬೆರಳು ಹಿಡಿದಳು:
ಒಂಬತ್ತು.

ನೀನು ಹೇಳಿದ್ದು ಆರು. ಅದರಲ್ಲಿ
ಎರಡಕ್ಕೆ ಮೋಡ, ಒಂದಕ್ಕೆ ನಿದ್ದೆ,
ನಿನ್ನ ಮಾತನ್ನೇ ನಂಬಿದೆ.
ಇಳಿದ ಮೇಲೆ ಮೂರು ಸೇತುವೆ ದಾಟಿದೆ,
ಅದನ್ನೇಕೆ ಬಿಟ್ಟೆ?

ಇರಿಟ್ಟಿಯದು. ಕೂಟುಪುಳೆಯದು.
ಆಮೇಲೆ, ನೆಲ್ಲಿಹುದಿಕೇರಿಗೆ ಹೋಗುವಾಗ,
ದಿನಾ ಎರಡು ಸಲ ನಾನೇ ದಾಟುವ ಕಾವೇರಿ.
ಮಾರ್ಚಿನಲ್ಲಿ ಅದು ಬಂಡೆಗಳ ನಡುವೆ
ಮೊಣಕಾಲಿಗೂ ಬರದು.
ಅದೂ ನದಿಯೇ, ಎಂದಳು. ಕಾಲು ತೊಳೆದು ನೋಡಿದ್ದೇನೆ.

ವಾಪಸ್ಸಿನ ಟಿಕೆಟ್ಟು ಯಾವಾಗಿನದು ಎಂದರೆ
ಹುಟ್ಟಲಿ ಮೊದಲು, ಎಂದು ಹೊರಟಳು.

ಆ ಸಂಜೆ ಷಟರ್ ಎಳೆದು
ಸೇತುವೆಯ ನಡುವೆ ನಿಂತೆ.
ನನ್ನ ಅಕ್ಕ ಕುಟ್ಟದಲ್ಲಿದ್ದಾಳೆ.
ತೋಟದ ಪಾಲಿನ ಮಾತಿಗೆ ಮಾತು ಬಿಟ್ಟು ಆರು ವರ್ಷ.
ನಮ್ಮ ಮನೆಯಿಂದ ಹೊರಟರೆ ಕಾವೇರಿ,
ಮುಂದೆ ಲಕ್ಷ್ಮಣತೀರ್ಥ.

ಬಸ್ಸಿಗೆ ಎಷ್ಟು ಹೊತ್ತೆಂದು
ಪರದೆಯನ್ನು ಕೇಳಲಿಲ್ಲ.